ಅಂಗಳ ಅಗಲವಿರುವ ಬೇಕರಿ

ನನಗೆ ಕಾರನ್ನು ಹಿಂದಕ್ಕೆ ಓಡಿಸಲು ಬರುವುದಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದವನು ಮೂರು ವಾರ ಬರೀ ಮುಂದಕ್ಕೆ ಓಡಾಡಿಸಿ, "ಹಿಂದ ಹೋಗೂದು ತಾನಾಗೇ ಬರ್ತೈತ್ರಿ ಸರ್" ಎಂದು ಕೈಮುಗಿದುಬಿಟ್ಟ. ಅದು ಇನ್ನೂ ಬಂದಿಲ್ಲ. ಈ ಗುಟ್ಟು ಗೊತ್ತಿರುವುದು ನನ್ನ ಹೆಂಡತಿ ಗೌರಾಳಿಗೆ ಮಾತ್ರ. ಗೊತ್ತಾಗಲೇಬಾರದಿದ್ದದ್ದು ನನ್ನ ಷಡ್ಡಕ, ಅಂದರೆ ಗೌರಾಳ ತಂಗಿಯ ಗಂಡ ಬಸಣ್ಣನಿಗೆ. ಬಸಣ್ಣ ತುಂಬಿದ ಟ್ರೇಲರ್ ಸಮೇತ ಟ್ರ್ಯಾಕ್ಟರನ್ನು ಸಂದಿಯೊಳಗೆ ಹಿಂದಕ್ಕೆ ತೂರಿಸುವಾಗ ಒಂದು ಕೈಯಲ್ಲಿ ಚಹಾ ಹಿಡಿದಿರುತ್ತಾನೆ. ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರನ್ನು ತೂಗುವ ತಕ್ಕಡಿ ಯಾವತ್ತೂ ಖಾಲಿ ಇರುವುದಿಲ್ಲ.

ಹೋದ ವಾರ ಬಸಣ್ಣ ಕೊಪ್ಪಳಕ್ಕೆ ಬಂದಿದ್ದ. ಅವನನ್ನು ಮಾವನ ಊರಾದ ಯಲಬುರ್ಗಾಕ್ಕೆ ಬಿಡಲು ಒಂದು ತಾಸು ಸಾಕು. ಹೊಸ ಕಾರಿನ ಹುರುಪಿನಲ್ಲಿ ನಾನು ಗೌರಾಳನ್ನೂ ಕೂರಿಸಿಕೊಂಡು, ಮುನಿರಾಬಾದ್, ಗಂಗಾವತಿ, ಕುಷ್ಟಗಿ ಎಲ್ಲ ಸುತ್ತಿಕೊಂಡೇ ಹೋಗೋಣ ಎಂದೆ. ಜನ ಬೇಕರಿಯನ್ನು ರುಚಿ ನೋಡಿ ಆರಿಸುತ್ತಾರೆ, ನಾನು ಅಂಗಳ ನೋಡಿ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬರುವಂತಿದ್ದರೆ ಅದು ಉತ್ತಮ ಬೇಕರಿ. ಮುನಿರಾಬಾದಿನಲ್ಲಿ ದಿಲ್‌ಪಸಂದಿನ ಘಮಲು ಬರುತ್ತಿದ್ದ ಅಂಗಡಿ ಓಣಿಯೊಳಗಿತ್ತು. "ಅಲ್ಲಿ ಎಣ್ಣಿ ಛಲೋ ಇರಂಗಿಲ್ಲ" ಎಂದು ಪಾಪದ ಮನುಷ್ಯನ ಮೇಲೆ ಗೂಬೆ ಕೂರಿಸಿ, ಲಾರಿ ತಿರುಗುವಷ್ಟು ಜಾಗವಿದ್ದ ಕಡೆ ಕಲ್ಲಿನಂಥ ಟೋಸ್ಟ್ ತಿನ್ನಿಸಿದೆ. ಗಂಗಾವತಿ ಮುಟ್ಟುವುದರೊಳಗೆ ಮೂರು ಬೇಕರಿ ಆಗಿದ್ದವು. "ಅಣ್ಣಾರ, ನಿಮಗ ಬೇಕ್ರಿ ಅಂದ್ರ ಭಾಳ ಜೀವ ಕಾಣತೈತಿ" ಎಂದ ಬಸಣ್ಣ. ಬಂಡೆಗುಡ್ಡ ಕಂಡಲ್ಲೆಲ್ಲ ಗೌರಾ ಫೋಟೊಕ್ಕೆ ನಿಲ್ಲಿಸಿ ಎನ್ನುತ್ತಿದ್ದಳು. ಚೆಲುವಾದ ಜಾಗಗಳೆಲ್ಲ ರಸ್ತೆ ಮುಗಿಯುವಲ್ಲೇ ಇರುತ್ತವೆ. ನಾನು ನಿಲ್ಲಿಸಲಿಲ್ಲ.

ಶ್ರೀರಾಮನಗರದ ಹತ್ತಿರ ಬಸಣ್ಣನಿಗೆ ಕಾಲುವೆಯ ನೀರನ್ನು ಹತ್ತಿರದಿಂದ ನೋಡುವ ಆಸೆಯಾಯಿತು. ಮಳೆಯನ್ನೇ ನಂಬಿದ ಎರೆಹೊಲದವನು, ಇಲ್ಲವೆನ್ನಲಾಗಲಿಲ್ಲ. ಕಾಲುವೆ ದಂಡೆಯ ಕಿರಿದಾದ ದಾರಿಯಲ್ಲಿ ಸ್ವಲ್ಪ ಹೋಗುವಷ್ಟರಲ್ಲಿ ಎದುರಿಗೆ ಭತ್ತ ಕೊಯ್ಯುವ ದೊಡ್ಡ ಯಂತ್ರ ಬಂತು. ಅದರ ಚಾಲಕ ತೆಲುಗಿನಲ್ಲಿ ಏನೋ ಕೂಗುತ್ತ ಕೈ ಬೀಸಿದ. ಹಿಂದಕ್ಕೆ ಹೋಗು ಎನ್ನುವುದು ಯಾವ ಭಾಷೆಯಲ್ಲಿದ್ದರೂ ನನಗೆ ತಿಳಿಯುತ್ತದೆ. ಬೆವರು ಒರೆಸಿಕೊಂಡು ಇಳಿದೆ. "ಬಸಣ್ಣಾರ, ನೀವಿದ್ದಾಗ ನಾ ರಿವರ್ಸ್ ಹೊಡದ್ರ ಶೋಭಾ ಅಲ್ಲ. ತಗೋರಿ" ಎಂದು ಜಾಗ ಬಿಟ್ಟುಕೊಟ್ಟೆ.

ಬಸಣ್ಣ ಹಿಗ್ಗಿ ಹೀರೇಕಾಯಿಯಾದ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಸರಿಯುವಾಗ ಸ್ಟೇರಿಂಗನ್ನು ಉಲ್ಟಾ ತಿರುಗಿಸಬೇಕಂತೆ. ಇಪ್ಪತ್ತು ವರ್ಷದ ಆ ಕೈಗೆ ಬೇರೆ ಲೆಕ್ಕ ಗೊತ್ತಿರಲಿಲ್ಲ. ಕಾರು ಹೇಳಿದ ಮಾತು ಕೇಳಿ ನೇರ ಗದ್ದೆಯ ಕಡೆ ಹೋಗಿ, ಹಿಂದಿನ ಗಾಲಿಯನ್ನು ಕೆಸರಿಗೆ ಇಳಿಸಿತು. ಯಂತ್ರದ ಜೊತೆಗಿದ್ದ ನಾಲ್ವರು ಬಂದು ಎತ್ತಿ, ಹಾಗೇ ತಳ್ಳಿಕೊಂಡು ಹೋಗಿ ದೊಡ್ಡ ರಸ್ತೆಗೆ ಬಿಟ್ಟರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು.

ಆ ಖುಷಿ ಕುಷ್ಟಗಿಯ ಬೇಕರಿಯವರೆಗೂ ಬಾಳಲಿಲ್ಲ. ಬಸಣ್ಣ ಖಾರಾದ ತಟ್ಟೆ ಮುಟ್ಟದೆ ಕೂತಿದ್ದ. "ಮಾವಾರ ಮುಂದ ಹೇಳಬ್ಯಾಡ್ರಿ ಅಣ್ಣಾರ" ಎಂದಾಗ ನಾನು ತಟ್ಟೆಯನ್ನು ಅವನ ಕಡೆ ಸರಿಸಿದೆ.

"ಬಸಣ್ಣಾರ, ಖರೇ ಹೇಳ್ತೀನಿ. ನನಗ ರಿವರ್ಸ್ ಬರಂಗ ಇಲ್ಲ. ನಿಮ್ಮ ಅಕ್ಕಾರನ್ನ ಕೇಳ್ರಿ."

"ಹೌದು ಬಸಣ್ಣ, ಇವರಿಗೆ ಒಂದೀಟೂ ಬರಂಗಿಲ್ಲ" ಎಂದಳು ಗೌರಾ, ಅಗತ್ಯಕ್ಕಿಂತ ಹೆಚ್ಚು ಉತ್ಸಾಹದಿಂದ.

ಬಸಣ್ಣನ ಕಣ್ಣು ತುಂಬಿದವು. "ನನ್ನ ಮರ್ಯಾದಿ ಉಳಸಾಕ ಇಬ್ರೂ ಕೂಡಿ ಎಷ್ಟ್ ಸುಳ್ಳು ಹೇಳ್ತೀರಿ! ದೊಡ್ಡ ಮನಸ್ಸು ನಿಮ್ದು."

ಯಲಬುರ್ಗಾ ಮುಟ್ಟಿದ್ದೇ ತಡ, ಹೇಳಬೇಡಿ ಎಂದಿದ್ದವನು ತಾನೇ ಮಾವನಿಗೆ ಎಲ್ಲ ಹೇಳಿಬಿಟ್ಟ, ನನ್ನ ದೊಡ್ಡ ಮನಸ್ಸನ್ನೂ ಸೇರಿಸಿ. ಮಾವ ಮೊದಲ ಸಲ ನನ್ನ ಬೆನ್ನು ತಟ್ಟಿದರು. ಹೊರಡುವಾಗ ಬಸಣ್ಣ ಕೈ ಹಿಡಿದುಕೊಂಡ. "ಅಣ್ಣಾರ, ಬರೂ ರವಿವಾರ ಮುಂಜಾನೆ ನಿಮ್ಮ ಮನಿಗೆ ಬರ್ತೀನಿ. ಕಾರ್ ಹಿಂದ ತಗೊಳ್ಳೂದು ನಿಮ್ಮ ಕೈಲೇ ಕಲೀಬೇಕು."

ಇವತ್ತು ಶನಿವಾರ.