ಸಚಿವರು ವಿಚಾರಿಸುವ ಮೊಣಕಾಲು ನೋವು

ಮಂತ್ರಿಗಳ ಕಚೇರಿಯಲ್ಲಿ ಕೆಲಸಕ್ಕಿದ್ದರೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂತಿರುತ್ತವೆ. ನನ್ನನ್ನು ರಾಮನಗರದ ಕಚೇರಿಗೆ ತೆಗೆದುಕೊಂಡಿದ್ದು ಇಂಗ್ಲಿಷಿನಲ್ಲಿ ಬರುವ ಫೋನುಗಳಿಗೆ ಉತ್ತರಿಸಲು. ಅಂಥ ಫೋನು ಅಪರೂಪ. ಹಾಗಾಗಿ ಸಚಿವರ ಪಕ್ಕದ ಕೋಣೆಯ ಮೂಲೆಯಲ್ಲಿ ಕೂತು ನೋಡುವುದೇ ನನ್ನ ಮುಖ್ಯ ಕೆಲಸವಾಗಿತ್ತು.

ಮೊಣಕಾಲು

ನಮ್ಮ ಸಚಿವರು ತಾಲ್ಲೂಕು ಪಂಚಾಯಿತಿಯಿಂದ ಮಂತ್ರಿಗಿರಿವರೆಗೆ ಬಂದಿದ್ದು ಒಂದೇ ಪ್ರಶ್ನೆಯಿಂದ ಎಂದು ಅವರ ಪಿ.ಎ. ಹೇಳುತ್ತಿದ್ದರು. ವಯಸ್ಸಾದ ಯಾರೇ ಎದುರಾದರೂ ಕೈ ಹಿಡಿದು, "ಮೊಣಕಾಲು ನೋವು ಹೆಂಗೈತೆ?" ಎಂದು ಕೇಳುವುದು. ಆ ವಯಸ್ಸಿಗೆ ಯಾರಿಗಿಲ್ಲ ಮೊಣಕಾಲು ನೋವು? ಇಷ್ಟು ದೊಡ್ಡ ಮನುಷ್ಯ ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಅವರ ಕಣ್ಣು ತುಂಬುತ್ತಿತ್ತು.

ತಿಪ್ಪಸಂದ್ರದ ಆಚೆಯ ಒಂದು ಹಳ್ಳಿಯಿಂದ ಬಂದ, ಸೊಪ್ಪು ಮಾರುವ ಅಜ್ಜಿಗೂ ಅದನ್ನೇ ಕೇಳಿದರು. ಅಜ್ಜಿಯ ಕಣ್ಣು ತುಂಬಲಿಲ್ಲ. ಊರಿಗೆ ಬಸ್ಸಿಲ್ಲ, ಬುಟ್ಟಿ ಹೊತ್ತು ಮೇನ್ ರೋಡಿನವರೆಗೆ ನಡೆಯಬೇಕು, ಮಾಗಡಿ ಮುಟ್ಟುವಷ್ಟರಲ್ಲಿ ಸೊಪ್ಪು ಬಾಡಿರುತ್ತದೆ, ಹೀಗೇ ಆದರೆ ವ್ಯಾಪಾರವನ್ನೇ ಬಿಡಬೇಕು ಎಂದಿತು. ಆಮೇಲೆ ಸೇರಿಸಿತು: "ನೋವು ಬಂದಿರಾದೇ ನೀನು ಬಸ್ ಬುಡ್ದೆ ಇರಾದ್ಕೆ ಕಣಪ್ಪ."

ಫೋನು

ಜನರ ಎದುರೇ ಅಧಿಕಾರಿಗಳಿಗೆ ಫೋನು ಮಾಡಿ ದಬಾಯಿಸುವುದು ಸಚಿವರ ಪದ್ಧತಿ. ಅವತ್ತು ಬಸ್ ಡಿಪೋದವರು ಫೋನೇ ಎತ್ತಲಿಲ್ಲ. ಪಿ.ಎ. ತಕ್ಷಣ ಪಕ್ಕದ ಕೋಣೆಯ ನನ್ನ ಟೇಬಲ್ಲಿಗೆ ಲೈನ್ ಕೊಟ್ಟು, ಓಡಿ ಬಂದು, 'ಆಯ್ತು ಸಾರ್' ಅಂದರೆ ಸಾಕು ಎಂದು ಪಿಸುಗುಟ್ಟಿದರು. ಸಚಿವರು ಸ್ಪೀಕರ್ ಹಾಕಿ ಗುಡುಗಿದರು. ನಾನು 'ಆಯ್ತು ಸಾರ್' ಅನ್ನುತ್ತಲೇ ಹೋದೆ. ದನಿ ನಿಜವಾಗಿಯೂ ನಡುಗುತ್ತಿತ್ತು. ಪಾಪ, ಹೆಣ್ಣುಮಗಳು ಹೆದರಿದ್ದಾಳೆ, ಸಾಕು ಬಿಡು ಎಂದು ಅಜ್ಜಿಯೇ ತಡೆಯಿತು.

ಹೊರಗೆ ಹೋಗುವಾಗ ಅಜ್ಜಿ ನನ್ನ ಬಳಿ ಕುಡಿಯಲು ನೀರು ಕೇಳಿತು. ಆಯ್ತು ಅಜ್ಜಿ, ಕೊಡ್ತೀನಿ ಅಂದೆ. ಅಜ್ಜಿ ನಿಂತು ನನ್ನನ್ನು ನೋಡಿತು, ಟೇಬಲ್ಲಿನ ಫೋನನ್ನು ನೋಡಿತು.

"ಡಿಪೋ ಇಷ್ಟು ಹತ್ರದಲ್ಲೇ ಐತಾ?"

ಮದುವೆ

ಕನಕಪುರದಲ್ಲಿ ಎದುರುಬದುರು ಎರಡು ಕಲ್ಯಾಣ ಮಂಟಪ. ಮುಹೂರ್ತದ ದಿನಗಳಲ್ಲಿ ಸಚಿವರು ಕಾರು ನಿಂತ ಕಡೆ ಇಳಿದು, ವೇದಿಕೆ ಹತ್ತಿ, ಅಕ್ಷತೆ ಹಾಕಿ, ಫೋಟೋಗೆ ನಿಲ್ಲುತ್ತಾರೆ. ಅವತ್ತು ನಮ್ಮ ಪಕ್ಷದವರ ಮನೆಯ ಮದುವೆಗೆಂದು ಹೋಗಿ ಅಕ್ಷತೆ ಹಾಕಿದ್ದು ಚುನಾವಣೆಯಲ್ಲಿ ಇವರ ಎದುರು ಸೋತವರ ಮಗಳಿಗೆ. ಗೊತ್ತಾಗಿದ್ದು ಫೋಟೋಗೆ ನಿಂತ ಮೇಲೆ. ಹೆಣ್ಣಿನ ಕಡೆಯ ನೆಂಟರಲ್ಲಿ ಅದೇ ಅಜ್ಜಿಯೂ ಇತ್ತು. ವೇದಿಕೆಯ ಮೇಲೇ ಬಸ್ಸಿನ ಮಾತು ತೆಗೆಯಿತು. ವಿರೋಧಿಗಳೆಲ್ಲ ಕಿವಿಗೊಟ್ಟಿದ್ದರು. ಸಚಿವರು ಮೈಕು ತೆಗೆದುಕೊಂಡು, ಬರುವ ಸೋಮವಾರವೇ ಬಸ್ಸು ಎಂದುಬಿಟ್ಟರು.

ಹೆಣ್ಣಿನ ತಂದೆ ಊಟ ಮಾಡಿಸದೆ ಬಿಡಲಿಲ್ಲ. ಎದುರಿನ ಮಂಟಪದಲ್ಲಿ ನಮ್ಮವರೂ ಬಿಡಲಿಲ್ಲ. ಕಾರು ಹತ್ತಿದ ಮೇಲೆ ಸಚಿವರು ಪಿ.ಎ.ಗೆ ಮೆಲ್ಲಗೆ ಹೇಳಿದರು: "ಅವರ ಕಡೆ ಸಾರೇ ಚೆನ್ನಾಗಿತ್ತು ಕಣ್ಲಾ. ಪಕ್ಷದೋರ್ಗೆ ಹೇಳ್ಬ್ಯಾಡ."

ಬಾವುಟ

ಸೋಮವಾರ ಮಾಗಡಿ ಬಸ್ ನಿಲ್ದಾಣದಲ್ಲಿ ಹಾರ ಹಾಕಿದ ಬಸ್ಸು ನಿಂತಿತ್ತು. ಉದ್ಘಾಟನೆಯ ಬಸ್ಸುಗಳು ಹಸಿರು ಬಾವುಟ ಕಂಡು ಗೇಟಿನವರೆಗೆ ಹೋಗಿ, ಫೋಟೋ ಮುಗಿದ ಮೇಲೆ ತಿರುಗಿಬಿಡುತ್ತವೆ. ಇದನ್ನೂ ಚನ್ನಪಟ್ಟಣದಿಂದ ಎರವಲು ತಂದಿದ್ದರು. ಸಚಿವರು ಬಾವುಟ ಬೀಸಿ, ಫೋಟೋಗೆಂದು ಒಳಗೆ ಹತ್ತಿದರು; ಹಿಂದೆಯೇ ಪಿ.ಎ. ಮತ್ತು ನಾನು. ಮುಂದಿನ ಸೀಟಿನಲ್ಲಿ ಬುಟ್ಟಿ ತಬ್ಬಿಕೊಂಡು ಅಜ್ಜಿ ಕೂತಿತ್ತು. ಅಜ್ಜಿಯ ಹಿಂದೆ ಅಜ್ಜಿಯ ಊರೇ ಕೂತಿತ್ತು.

ಗೇಟಿನಲ್ಲಿ ಡ್ರೈವರ್ ಇಳಿಯಿರಿ ಎಂದ. ಯಾರೂ ಅಲ್ಲಾಡಲಿಲ್ಲ. ಇವತ್ತು ಉದ್ಘಾಟನೆ ಮಾತ್ರ ಎಂದು ಪಿ.ಎ. ತಿಳಿಸಿ ಹೇಳಿದರು. ಅಜ್ಜಿ ಸಚಿವರತ್ತ ತಿರುಗಿ ಕೇಳಿತು: "ನೀನು ಬಾವುಟ ಬೀಸಿದ್ದು ಊರಿಗೋಗು ಅಂತಲೋ, ಗೇಟಿಗೋಗು ಅಂತಲೋ?"

ಹೊರಗೆ ಕ್ಯಾಮೆರಾಗಳಿದ್ದವು. ಮದುವೆಮನೆಯ ಆ ಹೆಣ್ಣಿನ ತಂದೆಯೂ ಕೈಕಟ್ಟಿ ನಿಂತು ನೋಡುತ್ತಿದ್ದರು. ಸಚಿವರು ಡ್ರೈವರಿಗೆ ನಡಿಯಪ್ಪ ಅಂದರು. ಯಾರೋ ಸೀಟು ಬಿಟ್ಟುಕೊಡಲು ಎದ್ದರು. ಒಳಗೂ ಮೊಬೈಲುಗಳು ವಿಡಿಯೋ ತೆಗೆಯುತ್ತಿದ್ದುದರಿಂದ ಸಚಿವರು ನಗುತ್ತಾ ಬೇಡವೆಂದರು. ತಿಪ್ಪಸಂದ್ರ ದಾಟಿದ ಮೇಲೆ ರಸ್ತೆಗಿಂತ ಗುಂಡಿಯೇ ಹೆಚ್ಚು. ಕಂಬಿಗೆ ಜೋತುಬಿದ್ದು, ಕುಲುಕಿಸಿಕೊಂಡು, ನಿಂತೇ ಬಂದರು. ಮಂತ್ರಿಯೇ ಓಡಾಡಿದ ರೂಟು ಎಂದು ಆಮೇಲೆ ಅದನ್ನು ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಬಸ್ಸು ಈಗಲೂ ಹೋಗುತ್ತಿದೆ.

ಊರು ಬಂದಾಗ ಸಚಿವರು ಎರಡೂ ಕೈಯಲ್ಲಿ ಬಾಗಿಲು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಮೊದಲೇ ಇಳಿದಿದ್ದ ಅಜ್ಜಿ ಬುಟ್ಟಿ ಕೆಳಗಿಟ್ಟು ಅವರ ಕೈ ಹಿಡಿದುಕೊಂಡಿತು.

"ಮೊಣಕಾಲು ನೋವು ಹೆಂಗೈತಪ್ಪ?"