ನಮ್ಮ ಭಾವನ ‘ಅಡ್ಡಿ ಇಲ್ಲ’

ನಮ್ಮ ಭಾವನ ಪಕ್ಕ ಕೂತು ಒಂದು ಸಿನಿಮಾ ಪೂರ್ತಿ ನೋಡಿದವರಿಗೆ ನರಕದಲ್ಲಿ ಅರ್ಧ ಶಿಕ್ಷೆ ಮಾಫಿ ಎಂದು ನಾನು ನಂಬಿದ್ದೇನೆ. ಆ ಲೆಕ್ಕದಲ್ಲಿ ನನಗೆ ನರಕವೇ ಇರಬಾರದಿತ್ತು! ಆದರೆ ಈ ಬೇಸಿಗೆಯಲ್ಲಿ ಒಂದು ಪಾಪ ಮಾಡಿಬಿಟ್ಟೆ. ಅದನ್ನು ಹೇಳಿಕೊಳ್ಳಲೆಂದೇ ಬರೆಯುತ್ತಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮೂಡಲಗಿಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟುಕೊಂಡೇ ಗೋಕಾಕದ ಒಂದು ವಾರಪತ್ರಿಕೆಗೆ ವರ್ಷಗಟ್ಟಲೆ ಚಿತ್ರವಿಮರ್ಶೆ ಬರೆದವರು. ಪತ್ರಿಕೆ ನಿಂತಿತು, ವಿಮರ್ಶೆ ನಿಲ್ಲಲಿಲ್ಲ! ಈಗ ಕೇಳುವವನು ನಾನೊಬ್ಬನೇ. ಹೊಸ ಸಿನಿಮಾ ಬಂದರೆ ಅವರು ಮೂಡಲಗಿಯಿಂದ, ನಾನು ಹುಕ್ಕೇರಿಯಿಂದ ಬಸ್ಸು ಹಿಡಿದು ಗೋಕಾಕದಲ್ಲಿ ಕೂಡುತ್ತೇವೆ.

ಮೊಬೈಲಿನಲ್ಲಿ ವಿಮರ್ಶೆ ಮಾಡುವವರನ್ನು ಕಂಡರೆ ಭಾವನಿಗೆ ಮೈಯೆಲ್ಲ ಉರಿ. ಒಮ್ಮೆ ನಾನು ಕದ್ದು ಅಂಥ ವಿಡಿಯೋ ನೋಡುತ್ತ ಸಿಕ್ಕಿಬಿದ್ದೆ.

“ಏನಂತಾನೋ ಅಂವಾ?”

“ಐದರಾಗ ಮೂರೂವರಿ ಚುಕ್ಕಿ ಕೊಟ್ಟಾನ್ರಿ.”

“ಅರ್ಧಾ ಚುಕ್ಕಿ ಹೆಂಗ ಮುರದಾ? ಖಡಕ್ ರೊಟ್ಟಿ ಐತೇನದು? ಮತ್ತ ಹಿಂಗ್ಯಾಕ ಒದರಾಕತ್ತಾನ? ಸಿನಿಮಾ ನೋಡ್ಯಾನೋ, ಚೇಳ ಕಡದೈತೋ?”

ಕೊನೆಗೆ ವಿಡಿಯೋದವನು ‘ಗಂಟೆ ಒತ್ತಿ’ ಎಂದಾಗ ಭಾವ ಗಂಭೀರವಾಗಿ ಕೇಳಿದರು: “ಗಂಟಿ ಬಾರಿಸಿದ್ರ ಪ್ರಸಾದ ಕೊಡ್ತಾನೇನು?”

ಇಂಥವರು ಮಾಯಾಲೋಕದ ಸಿನಿಮಾಗಳನ್ನು ಬೈಯುತ್ತಾರೆ ಅಂದುಕೊಂಡಿರಾ? ತಪ್ಪು! ಅವೆಂದರೆ ಪ್ರಾಣ. ಹಾರುವ ಆನೆ, ಮಾತಾಡುವ ಮರ, ಎಲ್ಲವನ್ನೂ ಒಪ್ಪುತ್ತಾರೆ. ಒಪ್ಪದಿರುವುದು ಬೇರೆಯೇ. ಒಂದು ಚಿತ್ರದಲ್ಲಿ ನಾಯಕ ಬಾವಿಗೆ ಹಾರಿ ಪಾತಾಳ ತಲುಪಿದ. ಟಾಕೀಸೆಲ್ಲ ಸಿಳ್ಳೆ ಹಾಕುತ್ತಿರುವಾಗ ಭಾವ ಎದ್ದು ನಿಂತರು: “ಬಾವ್ಯಾಗ ಪಾತಾಳ ಐತಿ, ಒಪ್ಪಿದೆ. ಧೋತ್ರ ಹೆಂಗ ಒಣಗಿತು?”

ಹಿಂದಿನಿಂದ ಯಾರೋ ಕೂಗಿದರು: “ಕಾಕಾ, ಕುಂದರ್ರಿ! ಪಾತಾಳದಾಗ ಬಿಸಲ ಬಾಳ ಐತಿ!”

ಭಾವ ಕೂತು ನನ್ನ ಕಿವಿಯಲ್ಲಿ ಹೇಳಿದರು: “ಸುಳ್ಳಿಗೂ ಒಂದ ನೇಮ ಇರಬೇಕೋ ತಮ್ಮಾ. ಖರೆ ಹೇಳಾವ್ರು ತಪ್ಪಿದ್ರ ನಡೀತೈತಿ, ಸುಳ್ಳ ಹೇಳಾವ್ರು ತಪ್ಪಬಾರದು.”

ಹೊಗಳುವುದರಲ್ಲಿ ಮಾತ್ರ ಮಹಾ ಜಿಪುಣರು. ಅವರ ಬಾಯಿಂದ ಬರುವ ಅತಿ ದೊಡ್ಡ ಪದವಿ ‘ಅಡ್ಡಿ ಇಲ್ಲ’. ನಮ್ಮ ಕಡೆ ಅದೇನು ಸಣ್ಣ ಮಾತೇ? ಹೆಣ್ಣು ನೋಡಿ ಬಂದವರು ಅಷ್ಟು ಅಂದರೆ ಮದುವೆಯೇ ಗಟ್ಟಿ!

ಈ ಬೇಸಿಗೆಯಲ್ಲಿ ನೋಡಿದ ಚಿತ್ರದಲ್ಲಿ ನಾಯಕ ಸತ್ತ ಹೆಂಡತಿಯನ್ನು ಕರೆತರಲು ಯಮಲೋಕಕ್ಕೆ ಹೋಗುತ್ತಾನೆ. ಭಾವ ತುಟಿ ಬಿಚ್ಚಲಿಲ್ಲ. ನನಗೇ ಗಾಬರಿ! ಹೊರಗೆ ಬಂದರೆ, ನಮ್ಮ ಮಾತು ತಿಳಿಯದ, ರಾಜ್ಯದ ದಕ್ಷಿಣದ ಕಡೆಯ ಒಬ್ಬ ವಿಡಿಯೋ ವಿಮರ್ಶಕಿ ಮೈಕು ಹಿಡಿದಳು: “ತಾತಾ, ಸಿನಿಮಾ ಹೇಗಿದೆ?”

ಭಾವ ಕನ್ನಡಕ ಒರೆಸಿಕೊಂಡು, “ಅಡ್ಡಿ ಇಲ್ಲ,” ಎಂದು ಸರಸರನೆ ನಡೆದುಬಿಟ್ಟರು.

ಅವಳು ನನ್ನತ್ತ ತಿರುಗಿದಳು: “ಅಂದ್ರೆ? ಚೆನ್ನಾಗಿಲ್ವಾ?”

ಅಲ್ಲೇ ನನ್ನ ನಾಲಿಗೆ ತುರಿಸಿತು. ಇಷ್ಟು ವರ್ಷ ಗೋಳು ಹೊಯ್ದುಕೊಂಡ ಭಾವನಿಗೆ ಒಮ್ಮೆ ತಮಾಷೆ ಮಾಡೋಣವೆಂದು, “ಹೂನ್ರಿ, ನೋಡದಿದ್ರೂ ನಡೀತೈತಿ ಅಂತ ಅರ್ಥ,” ಎಂದೆ!

ಮರುದಿನ ವಿಡಿಯೋ ಬಂತು: ‘ಗೋಕಾಕದ ತಾತನಿಗೂ ಬೇಡವಾದ ಸಿನಿಮಾ!’ ಊರೆಲ್ಲ ನಕ್ಕಿತು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಭಾವನಿಗೆ ಅದನ್ನೇ ತೋರಿಸಿದರು. ಸಂಜೆ ಅವರ ಫೋನು ಬಂದಾಗ ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಮೆತ್ತಗೆ, “ನಾ ಹಂಗ ಅಂದಿಲ್ಲೋ ತಮ್ಮಾ,” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಮುಂದಿನ ಸಿನಿಮಾಕ್ಕೆ ಕರೆದರೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಮೊನ್ನೆ ತಡೆಯಲಾರದೆ ಮೂಡಲಗಿಗೆ ಹೋಗಿ, ಅಂಗಡಿಯಲ್ಲೇ ತಪ್ಪು ಒಪ್ಪಿಕೊಂಡೆ. ಭಾವ ಒಂದು ವಾಷರನ್ನು ಉಜ್ಜುತ್ತಲೇ ಹೇಳಿದರು:

“ಗಂಡ ಯಮಲೋಕಕ್ಕ ಹೋದನಲ್ಲ, ಆಕಿ ಅಳಲಿಲ್ಲ, ಓಡಿ ಬರಲಿಲ್ಲ. ‘ಊಟಾ ಮಾಡಿ ಬಂದ್ರೇನು?’ ಅಂದ್ಲು. ಕೋಣ, ಬೆಂಕಿ, ಎಲ್ಲಾ ಸುಳ್ಳ. ಅದೊಂದ ಖರೆ. ನಿಮ್ಮಕ್ಕ ಹಂಗ ಕೇಳ್ತಾಳ.”

‘ಕೇಳುತ್ತಿದ್ದಳು’ ಅನ್ನಲಿಲ್ಲ. ಅಕ್ಕ ತೀರಿಕೊಂಡು ವರ್ಷಗಳಾದವು.

ನಾನು ಮೊಬೈಲು ತೆಗೆದು ವಿಡಿಯೋಗೆ ಹಿಡಿದೆ. “ಇದನ್ನ ನೀವ ಹೇಳ್ರಿ, ಭಾವಾ. ಆ ಹುಡುಗಿಗೆ ಕಳಸ್ತೇನಿ.”

ಉಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು, ಪಂಪುಗಳ ನಡುವೆ ನೆಟ್ಟಗೆ ಕೂತು ಮಾತಾಡತೊಡಗಿದರು. ಅಕ್ಕನ ಹೆಸರು ಬರುತ್ತಲೇ ನನ್ನ ಕಣ್ಣು ಮಂಜಾಯಿತು.

ಭಾವ ಮಾತು ನಿಲ್ಲಿಸಿ ಗದರಿದರು: “ಅಳೂದಿದ್ರ ಆಮ್ಯಾಲ ಅಳೋ! ನೀ ಕೈ ಅಲಗಿಸಿದ್ರ ನಿಮ್ಮಕ್ಕನ ಮಾತ ಅಲಗತೈತಿ.”