ಮಾವನ ರೋಡ್ ಟ್ರಯಲ್

ನಮ್ಮ ಸೋದರಮಾವನ ಎರಡೂ ಕಾಲು ಗಟ್ಟಿಯಾಗಿದ್ದವು. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಯಾಕೆಂದರೆ ತೀರ್ಥಹಳ್ಳಿ ಪೇಟೆಯಲ್ಲಿ ಮೊಟ್ಟಮೊದಲು ಗಾಲಿಕುರ್ಚಿಯಲ್ಲಿ ಕೂತು ಮೆರೆದವರು ಯಾರು ಎಂದು ಆ ಕಾಲದವರನ್ನು ಕೇಳಿದರೆ ನಮ್ಮ ಮಾವನ ಕಡೆಗೇ ಬೆರಳು ತೋರಿಸುತ್ತಾರೆ. ಊರಿನಲ್ಲಿ ಎಲ್ಲರಿಗಿಂತ ಬಿರುಸಾಗಿ ನಡೆಯುತ್ತಿದ್ದವರು ಯಾರು ಎಂದು ಕೇಳಿ ನೋಡಿ, ಅದೇ ಬೆರಳು, ಅದೇ ದಿಕ್ಕು! ಇಂಥವರನ್ನು ಕೂರಿಸಿ ತಳ್ಳುವ ಭಾಗ್ಯ ಯಾರದು? ಬಿ.ಎ. ಪಾಸು ಮಾಡಿ, ಅದೇ ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿ, ಇನ್ನೂ ಮದುವೆಯಾಗದೆ ಅವರ ಮನೆಯಲ್ಲೇ ಉಂಡುಕೊಂಡಿದ್ದ ನನ್ನದು.

ಮಾವ ಬಸ್ ಡ್ರೈವರ್ ಆಗಿದ್ದವರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಬಸ್ಸನ್ನು ತಲೆ ನರೆಯುವವರೆಗೆ ಓಡಿಸಿ ಆಗಷ್ಟೇ ಬಿಟ್ಟಿದ್ದರು. ಇಷ್ಟು ಕಾಲದಲ್ಲಿ ಒಂದು ಕೋಳಿಯನ್ನೂ ಅವರು ಬಸ್ಸಿನಡಿಗೆ ಹಾಕಿದವರಲ್ಲ. ಅದಕ್ಕೆ ಕಾರಣ ಬ್ರೇಕಿನ ಮೇಲೆ ಅವರಿಗಿದ್ದ ಅಪನಂಬಿಕೆ. ಎಲ್ಲಿ ನಿಲ್ಲಿಸಿದರೂ "ಕ್ಲೀನರ್, ಕಲ್ಲು ಕೊಡೋ!" ಎಂದು ಕೂಗಿ, ಹಿಂದಿನ ಚಕ್ರಕ್ಕೆ ಕಲ್ಲು ಬಿದ್ದ ಮೇಲೇ ಅವರು ಸೀಟು ಬಿಟ್ಟು ಏಳುತ್ತಿದ್ದದ್ದು. ಪಕ್ಕದ ಮನೆಯವರು ಗಾಡಿ ನಿಲ್ಲಿಸಿ ಎತ್ತು ಬಿಚ್ಚಿದರೆ, ಇವರು ಊಟ ಬಿಟ್ಟೆದ್ದು ಹೋಗಿ ಅದರ ಚಕ್ರಕ್ಕೂ ಕಲ್ಲಿಟ್ಟು ಬರುತ್ತಿದ್ದರು! ಇನ್ನು ಹೊಸ ಬಸ್ಸು ಬಂತೋ, ಮೊದಲು ತಾವೊಬ್ಬರೇ ಅದನ್ನು ಇಡೀ ದಾರಿ ಓಡಿಸಿ ನೋಡಲೇಬೇಕು. "ರೋಡ್ ಟ್ರಯಲ್ ಆಗ್ದೆ ಪ್ಯಾಸೆಂಜರ್ ಹತ್ಸಲ್ಲ" ಎನ್ನುವುದು ಅವರ ವೇದವಾಕ್ಯ. ಬಸ್ಸಿನ ಮಾಲೀಕರು ಇದನ್ನು ಕೇಳಿ ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಅವರ ಸಂಕಟ ನನಗೆ ತಡವಾಗಿ ಅರ್ಥವಾಯಿತು.

ಅತ್ತೆಗೆ ಹಿಂದಿನ ಮಳೆಗಾಲದಲ್ಲಿ ಒಂದು ಕೆಟ್ಟ ಜ್ವರ ಬಂದು, ಬಿಡುವಾಗ ಸೊಂಟದ ಕೆಳಗಿನ ಸ್ವಾಧೀನವನ್ನೂ ತೆಗೆದುಕೊಂಡು ಹೋಗಿತ್ತು. ದಿನಾ ಬೆಳಗ್ಗೆ ಹೊಳೆಗೆ ಹೋಗಿ, ಬಟ್ಟೆ ಒಗೆದು, ಊರಿನ ಸುದ್ದಿಯನ್ನೆಲ್ಲ ಹಿಂಡಿಕೊಂಡು ಬರುತ್ತಿದ್ದ ಹೆಂಗಸು ಅವರು. ಈಗ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ, ನಾನು ಸ್ಕೂಲಿನಿಂದ ಬಂದ ಕೂಡಲೇ "ಹೊಳೇಲಿ ನೀರು ಎಷ್ಟಿದ್ಯೋ?" ಎಂದು ಕೇಳುತ್ತಿದ್ದರು. ಕೇಳುವುದು ಅದೊಂದನ್ನೇ. ಬೊಂಬಾಯಿಯಲ್ಲಿದ್ದ ಅವರ ಅಣ್ಣ ಒಂದು ಗಾಲಿಕುರ್ಚಿ ಕಳಿಸುತ್ತೇನೆಂದಾಗ ಮನೆಯವರೆಲ್ಲ ಹಿಗ್ಗಿದೆವು. ಅತ್ತೆ ಮಾತ್ರ ಮೊದಲೇ ಗೆರೆ ಎಳೆದುಬಿಟ್ಟರು.

"ಮನೆ ಒಳಗೆ ಬೇಕಾದ್ರೆ ಕೂರ್ತೀನಿ. ಜಗಲಿ ಇಳಿದು ರಸ್ತೆಗೆ ಬಾ ಅನ್ಬೇಡಿ. ಊರೋರಿಗೆ ಪುಕ್ಕಟೆ ನಾಟಕ ತೋರ್ಸಕ್ಕೆ ನಾ ಬರಲ್ಲ."

"ಹೊಳೆ ನೋಡೋದು ಬ್ಯಾಡನಾ ನಿಂಗೆ?" ಎಂದರು ಮಾವ.

"ಎಲ್ಲ ನನ್ನ ನೋಡ್ತಾ ನಿಂತ್ರೆ ನಾ ಹೊಳೆ ನೋಡೋದು ಹ್ಯಾಂಗೆ?"

ಮಾವ "ಆತು" ಎಂದು ಎದ್ದು ಹೋದರು. ಅವರು ಇಷ್ಟು ಬೇಗ ಒಪ್ಪಿದರೆಂದರೆ ಏನೋ ಕಾದಿದೆ ಎಂದೇ ಅರ್ಥ.

ಕುರ್ಚಿ ಸಾಗರದವರೆಗೆ ರೈಲಿನಲ್ಲೂ ಅಲ್ಲಿಂದ ಮಾವನ ಹಳೆಯ ಬಸ್ಸಿನ ನೆತ್ತಿಯ ಮೇಲೂ ಪ್ರಯಾಣ ಮಾಡಿ ಬಂತು. ಗೋಣಿ ಬಿಚ್ಚಿದರೆ ಒಳಗೆ ಕುರ್ಚಿಯೇ ಇಲ್ಲ! ಮಡಚಿದ ಕಬ್ಬಿಣದ ಕೊಳವೆಗಳು, ಎರಡು ದೊಡ್ಡ ಚಕ್ರ, ಎರಡು ಪುಟಾಣಿ ಚಕ್ರ, ನಡುವೆ ಮುದುಡಿದ ಕ್ಯಾನ್‌ವಾಸು. ನಾನು ಓದಿದವನಲ್ಲವೇ, ಮುಂದೆ ಹೋಗಿ ಸೀಟಿನ ಎರಡೂ ಅಂಚನ್ನು ಬಿಗಿಯಾಗಿ ಹಿಡಿದು ಕೆಳಕ್ಕೆ ಒತ್ತಿದೆ. ಕುರ್ಚಿ ಠಪ್ಪೆಂದು ಬಿಚ್ಚಿಕೊಂಡಿತು, ನನ್ನ ಬೆರಳು ಕೊಳವೆಗಳ ನಡುವೆ ಉಳಿಯಿತು. ನಾನು ಕಿರುಚಿದ್ದಕ್ಕೆ ಮಾವ ಹೇಳಿದ್ದಿಷ್ಟೆ: "ಅಂಗೈ ಚಪ್ಪಟೆ ಇಟ್ಟು ಒತ್ಬೇಕು ಮಾರಾಯ. ಬೆರಳು ಒಳಗೆ ಬಿಡಬಾರ್ದು. ಆತು, ಇದು ಗೊತ್ತಾದಂಗಾತು." ಗೊತ್ತಾದದ್ದು ಅವರಿಗೆ, ಊದಿದ್ದು ನನ್ನ ಬೆರಳು!

ಆಮೇಲೆ ಎರಡು ದಿನ ಆ ಕುರ್ಚಿ ಜಗಲಿಯಲ್ಲಿ ಅಂಗಾತ ಮಲಗಿತ್ತು. ಮಾವ ಚಕ್ರ ಕಳಚಿ ಗ್ರೀಸು ಹಚ್ಚಿದರು. ಬ್ರೇಕಿನ ಹಿಡಿ ಎಳೆದಾಗ ಅದು ಚಕ್ರದ ರಬ್ಬರನ್ನು ಸರಿಯಾಗಿ ಕಚ್ಚುತ್ತದೆಯೋ ಇಲ್ಲವೋ ಎಂದು ನೋಡಿ ನೋಡಿ ನಟ್ಟು ಬಿಗಿದರು. ಎರಡೂ ಬ್ರೇಕು ಹಾಕಿಟ್ಟು, "ತಳ್ಳೋ, ಜೋರು ತಳ್ಳೋ!" ಎಂದು ನನ್ನಿಂದ ಗೂಳಿಯ ಹಾಗೆ ಗುಮ್ಮಿಸಿದರು. ಕುರ್ಚಿ ಒಂದಿಷ್ಟೂ ಅಲುಗಲಿಲ್ಲ. "ಭಾರೀ ಆತು" ಎಂದು ಮೆಚ್ಚಿ, ಅದಕ್ಕೂ ಒಂದು ಕಲ್ಲು ಕೊಟ್ಟರು. ಯಾರದೋ ಕೆಟ್ಟ ಬಸ್ಸಿನಿಂದ ಒಂದು ರಬ್ಬರ್ ಹಾರನ್ ತಂದು ಕುರ್ಚಿಯ ತೋಳಿಗೆ ಕಟ್ಟಿದರು. ಹೊಸ್ತಿಲನ್ನು ಮುಚ್ಚುವ ಹಾಗೆ ಎರಡೂ ಕಡೆಗೆ ಇಳಿಜಾರಾಗಿ ಹಲಗೆ ಕೂರಿಸಿದರು. ಅತ್ತೆ ಪೂಜೆ ಮಾಡುತ್ತಿದ್ದ ಹೊಸ್ತಿಲಿಗೆ ಚಕ್ರ ತಾಗಬಾರದಲ್ಲ!

ಇಷ್ಟೆಲ್ಲ ಆದ ಮೇಲೆ ವಾಹನ ಪೂಜೆಯಾಗದೆ ಇರುತ್ತದೆಯೇ? ಕುಂಕುಮ ಹಚ್ಚಿ, ಕಾಯಿ ಒಡೆದು, ಬಸ್ಸಿಗೆ ಮಾಡುವ ಹಾಗೆಯೇ ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಾಯಿತು. ಮಾವ ಗಂಭೀರವಾಗಿ ಕೂತು "ರೈಟ್!" ಎಂದರು. ನಾನು ತಳ್ಳಿದೆ. ಬಸ್ಸಿನ ಚಕ್ರಕ್ಕಾದರೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಇಲ್ಲಿ ಮುಂದಿನ ಪುಟಾಣಿ ಚಕ್ರಗಳೇ ನಿಂಬೆಹಣ್ಣಿಗೆ ಸೋತು ಗಕ್ಕನೆ ನಿಂತವು, ಮಾವ ನಿಲ್ಲಲಿಲ್ಲ! ಕುರ್ಚಿಯಿಂದ ಹಾರಿ ತುಳಸಿಕಟ್ಟೆಗೆ ಸಾಷ್ಟಾಂಗ ನಮಸ್ಕಾರ ಮಾಡಿದರು. ಕಿಟಕಿಯಿಂದ ನೋಡುತ್ತಿದ್ದ ಅತ್ತೆ ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕರು. ಮಾವ ಮೊಣಕೈ ಒರೆಸಿಕೊಳ್ಳುತ್ತಾ ಎದ್ದು, "ಕಂಡ್ಯಾ? ಒಂದು ನಿಂಬೆಹಣ್ಣು ಸಾಕು ಇದನ್ನ ಕೆಡವೋಕೆ. ಸಣ್ಣ ಕಲ್ಲು ಅಡ್ಡ ಬಂದ್ರೂ ಹಿಂದಿನ ಕೊಳವೆ ಕಾಲಲ್ಲಿ ಮೆಟ್ಟಿ ಮುಂದಿನ ಚಕ್ರ ಎತ್ಬೇಕು. ಎತ್ತಿ ದಾಟ್ಸಿ ಇಳ್ಸಬೇಕು" ಎಂದರು. ಬಿದ್ದರೂ ಪಾಠ ಹೇಳುವುದು ಬಿಡಲಿಲ್ಲ.

ಹಗಲೆಲ್ಲ ಅತ್ತೆ ಕುರ್ಚಿಯಲ್ಲಿ ಕೂತು ಅಡಿಗೆಮನೆಯಿಂದ ಹಿತ್ತಲ ಬಾಗಿಲವರೆಗೆ ಓಡಾಡಿ ಎಲ್ಲರ ಮೇಲೆ ದರ್ಬಾರು ಮಾಡತೊಡಗಿದರು. ನನಗೆ ಸಂತೋಷವೇ ಆಯಿತು. ಆದರೆ ಸಂಜೆ ಅವರು ಮಂಚಕ್ಕೆ ಹೋದ ಕೂಡಲೇ ಮಾವ ಶಲ್ಯ ಹೊದ್ದು ತಾವು ಆ ಕುರ್ಚಿಯಲ್ಲಿ ಕೂತು, "ನಡಿ ಕ್ಲೀನರ್, ರೋಡ್ ಟ್ರಯಲ್" ಎಂದರು.

"ಅತ್ತೆ ರಸ್ತೆಗೆ ಬರಲ್ಲ ಅಂದಿದಾರಲ್ಲ ಮಾವ!"

"ಅದು ಪ್ಯಾಸೆಂಜರ್ ವಿಷ್ಯ. ಗಾಡಿ ತಯಾರಿರ್ಬೇಕಾ ಬ್ಯಾಡ್ವಾ?"

"ಹಾಗಾದ್ರೆ ಖಾಲಿ ಕುರ್ಚಿ ತಳ್ಕೊಂಡು ಹೋಗಿ ಬರ್ತೀನಿ."

"ಲೋಡ್ ಇಲ್ದೆ ಎಂತ ಟ್ರಯಲ್?"

"ಒಂದು ಅಕ್ಕಿ ಮೂಟೆ ಇಡೋಣ."

"ಅಕ್ಕಿ ಮೂಟೆಗೆ ಸೊಂಟ ನೋವಾದ್ರೆ ಅದು ಬಾಯಿ ಬಿಟ್ಟು ಹೇಳ್ತದನಾ?"

ನನ್ನ ಬಿ.ಎ.ಯನ್ನು ಮೂಲೆಗಿಟ್ಟು ನಾನು ಕುರ್ಚಿಯ ಹಿಡಿ ಹಿಡಿದೆ.

ಹೊರಟೆವು. ಪೋಂ ಪೋಂ ಎಂದು ಹಾರನ್ನು! ದರ್ಜಿಯ ಮಿಷನ್ನು ನಿಂತಿತು. ಚಾದಂಗಡಿಯಲ್ಲಿ ಲೋಟಗಳು ಬಾಯಿಗೂ ಬೆಂಚಿಗೂ ನಡುವೆ ತಡೆದವು. ನನ್ನದೇ ಶಿಷ್ಯರ ದೊಡ್ಡ ಹಿಂಡು ಹಿಂದೆ ಬಿತ್ತು. ಒಬ್ಬ ಮುದುಕಿ, "ಅಯ್ಯೋ, ಎಂಥ ಗಟ್ಟಿ ಆಳು, ಏನಾಗಿ ಹೋತು!" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ನಶ್ಯದ ಅಂಗಡಿ ಬಂತು. "ಹೋಲ್ಡಾನ್! ಕ್ಲೀನರ್, ಕಲ್ಲು ಕೊಡೋ!" ನಡುಪೇಟೆಯಲ್ಲಿ, ಶಿಷ್ಯರ ಎದುರಿಗೆ, ನಾನು ಬಗ್ಗಿ ಚಕ್ರಕ್ಕೆ ಕಲ್ಲು ಕೊಟ್ಟೆ. ಮಾವ ಎರಡೂ ಬ್ರೇಕು ಹಾಕಿದರು, ಕಾಲಿಡುವ ಹಲಗೆಗಳನ್ನು ಮೇಲಕ್ಕೆ ಮಡಚಿದರು, ಎರಡೂ ಪಾದ ನೆಲಕ್ಕೂರಿದರು, ಎದ್ದರು, ಮತ್ತು ಸರಸರನೆ ಅಂಗಡಿಯೊಳಗೆ ನಡೆದೇಬಿಟ್ಟರು! ಮುದುಕಿ ಇದು ದೇವರ ಮಹಿಮೆಯೇ ಸರಿ ಎಂದು ಅಲ್ಲಿಯೇ ಕೈಮುಗಿದಳು.

ಮರುದಿನದಿಂದ ಊರಿಗೆ ಇದೇ ಮನರಂಜನೆ. "ಡ್ರೈವರ್ರೇ, ಹೊಸನಗರಕ್ಕೆ ಒಂದು ಸೀಟು ಇದ್ಯಾ?" ಎಂದು ಒಬ್ಬ, "ಟಾಪ್ ಮೇಲೆ ಜಾಗ ಇದ್ರೆ ಹೇಳಿ" ಎಂದು ಇನ್ನೊಬ್ಬ. ಕಿರಾಣಿ ಅಂಗಡಿಯ ಯಜಮಾನರು ತಾವೂ ಒಮ್ಮೆ ಕೂತು ನೋಡಬೇಕೆಂದು ಬಂದು, ಯಾರಾದರೂ ಏನಾದರೂ ಹೇಳುವ ಮೊದಲೇ ಕಾಲಿಡುವ ಹಲಗೆಯ ಮೇಲೆ ಹತ್ತಿ ನಿಂತರು. ಕುರ್ಚಿ ಮೂತಿ ತಗ್ಗಿಸಿ ಅವರನ್ನು ಅವರದೇ ಅಂಗಡಿಯ ಒಣಮೆಣಸಿನಕಾಯಿ ಚೀಲಕ್ಕೆ ಒಪ್ಪಿಸಿತು. ಸೀನುತ್ತಿದ್ದ ಅವರನ್ನೇ ಮುಂದಿಟ್ಟುಕೊಂಡು ಮಾವ ನೆರೆದವರಿಗೆಲ್ಲ ಭಾಷಣ ಬಿಗಿದರು: "ಬ್ರೇಕು ಹಾಕ್ದೆ ಹತ್ಬಾರ್ದು, ಇಳೀಬಾರ್ದು. ಹಲಗೆ ಇರೋದು ಕಾಲಿಡೋಕೆ, ಮೆಟ್ಟಿ ನಿಲ್ಲೋಕಲ್ಲ." ಪೇಟೆಯವರಿಗೆಲ್ಲ ಈ ಶಾಸ್ತ್ರ ಬಾಯಿಪಾಠವಾಯಿತು. ಇವರಿಗೆ ಕಲಿಸಿದಷ್ಟು ಬೇಗ ನನ್ನ ಶಿಷ್ಯರಿಗೆ ಮಗ್ಗಿ ಕಲಿಸಲು ನನಗೆ ಸಾಧ್ಯವಾಗಿದ್ದರೆ!

ನನಗಾದ ನಷ್ಟವನ್ನು ಯಾರಿಗೆ ಹೇಳಲಿ? ಹೊಸನಗರದಿಂದ ಹೆಣ್ಣಿನ ತಂದೆಯೊಬ್ಬರು ನನ್ನನ್ನು ನೋಡಿ ಹೋಗಲು ಬಂದಿದ್ದರು. ಅವರು ಬಸ್ಸಿನಿಂದ ಇಳಿದಾಗ ಕಂಡದ್ದೇನು? ವರ ಮಹಾಶಯ ನೆಲಕ್ಕೆ ಬಗ್ಗಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದಾನೆ, ಕುರ್ಚಿಯಲ್ಲಿದ್ದ ರೋಗಿ ಟಣ್ಣನೆ ಎದ್ದು ಬಂದು "ಬನ್ನಿ ಬನ್ನಿ, ಆಸ್ರಿಗೆ ಎಂತ ಆಗ್ಬೋದು, ಕಾಫಿಯಾ ಮಜ್ಜಿಗೆಯಾ?" ಎಂದು ಕೇಳುತ್ತಿದ್ದಾನೆ! "ಹುಡುಗ ಒಳ್ಳೆಯವನೇ, ಮನೇಲಿ ಮಾತ್ರ ಎಂತದೋ ಒಂದು ಇದೆ" ಎಂದು ಅವರು ಹೇಳಿ ಕಳಿಸಿದರು.

ಇದೆಲ್ಲಕ್ಕಿಂತ ದೊಡ್ಡ ಶಿಕ್ಷೆ ಹೊಳೆಯ ದಾರಿಯ ಇಳಿಜಾರು. ಅಲ್ಲಿ ಕುರ್ಚಿಯನ್ನು ಮುಂದು ಮಾಡಿ ಬಿಟ್ಟರೆ ಕೂತವರು ಜಾರಿ ಬೀಳುತ್ತಾರೆ, ಹಿಂದುಮುಂದು ತಿರುಗಿಸಿ ಇಳಿಸಬೇಕು. ಅಂದರೆ ಕೆಳಗೆ ನಾನು, ನನ್ನ ಎದೆಗೆ ಒರಗಿಕೊಂಡ ಹಾಗೆ ಕುರ್ಚಿ, ಅದರ ತುಂಬ ಮಾವ! ಹಿಂದಕ್ಕೆ ಹೆಜ್ಜೆ ಹುಡುಕುತ್ತಾ, ಬೆವರುತ್ತಾ ಕೆಳಗೆ ಮುಟ್ಟಿಸಿದರೆ, "ಇನ್ನೊಂದ್ಸಲ ಹೋಗಾಣ. ಆ ಗುಂಡೀಲಿ ಸೊಂಟಕ್ಕೆ ಚುಳುಕ್ ಅಂತು" ಎನ್ನುತ್ತಿದ್ದರು. ಮರುದಿನ ಹಾರೆ, ಬುಟ್ಟಿ ಹಿಡಿದು ಅವರೇ ಹೋಗಿ ಆ ಗುಂಡಿಗೆ ಮಣ್ಣು ತುಂಬಿ ಬರುತ್ತಿದ್ದರು. ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಮನೆಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ. "ಇವತ್ತು ಯಾರ್ಯಾರು ನಗಾಡಿದ್ರು ಮಾರಾಯ?"

"ಯಾರು ನಗಾಡಿಲ್ಲ ಅಂತ ಕೇಳಿ, ಹೇಳೋದು ಸುಲಭ!" ಎಂದು ನಾನು ಸಿಡುಕುತ್ತಿದ್ದೆ.

"ದರ್ಜಿ ನಕ್ನಾ?"

"ಇವತ್ತು ತಲೆ ಎತ್ಲಿಲ್ಲ."

"ಹಾಂ. ಚಾದಂಗಡಿ?"

"ಅಲ್ಲಿ ನಕ್ರು."

"ಹಾಗಾರೆ ನಾಳೆ ಅಲ್ಲಿ ಇನ್ನೊಂಚೂರು ಹೊತ್ತು ನಿಲ್ಸು."

ಮೂರು ಬಿಟ್ಟವರು ಊರಿಗೆ ದೊಡ್ಡವರು ಎಂಬ ಗಾದೆಯ ಅರ್ಥ ನನಗೆ ಆಗ ಪೂರ್ತಿಯಾಗಿ ತಿಳಿಯಿತು.

ಆದರೆ ಎಂಥ ನಾಟಕವಾದರೂ ದಿನಾ ನೋಡಿದರೆ ಬೇಸರ ಬಾರದೇ? ಮಕ್ಕಳು ಹಿಂದೆ ಬರುವುದು ಬಿಟ್ಟರು. ತಮಾಷೆ ಮಾಡುವವರಿಗೆ ತಮಾಷೆ ಮುಗಿಯಿತು. ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಒಂದು ಸಂಜೆ ಮನೆಯಿಂದ ಹೊಳೆಯವರೆಗೆ ಹೋದೆವು, ಒಂದು ತಲೆಯೂ ತಿರುಗಲಿಲ್ಲ. ಮಾವ ಚಾದಂಗಡಿಯ ಎದುರು ಬೇಕೆಂದೇ ಹಾರನ್ ಹೊಡೆದು ನೋಡಿದರು. ಒಬ್ಬನು ಪೇಪರಿನಿಂದ ಕಣ್ಣೆತ್ತದೆ "ಹ್ಞೂಂ, ಹೋಗಿ ಬನ್ನಿ" ಎಂದ, ಅಷ್ಟೇ.

"ಆತು ಬಿಡು. ಟ್ರಯಲ್ ಮುಗೀತು" ಎಂದರು ಮಾವ.

ಮರುದಿನ ಅವರು ಅತ್ತೆಯ ಮುಂದೆ ನಿಂತು, "ನಡಿ, ಹೊಳೆಗೆ" ಎಂದರು.

"ಬರಲ್ಲ ಅಂತ ಹೇಳಿಲ್ವಾ?"

"ಒಬ್ಬರೇ ಒಬ್ಬರು ನಿನ್ನ ತಿರುಗಿ ನೋಡಿದ್ರೂ ಅಲ್ಲಿಂದ್ಲೇ ವಾಪಸ್. ಆಮೇಲೆ ಈ ಕುರ್ಚಿ ಜಗಲಿ ಇಳಿಯಲ್ಲ. ನನ್ನಾಣೆ."

ಗೆಲ್ಲುವುದು ತಾವೇ ಎಂದು ಅತ್ತೆಗೆ ಖಾತ್ರಿ ಇತ್ತು. ಗಂಡನ ಬಾಯಿ ಶಾಶ್ವತವಾಗಿ ಮುಚ್ಚಿಸಬಹುದಲ್ಲ ಎಂದೇ ಒಪ್ಪಿದರು. ಆದರೆ ಕುರ್ಚಿಗೆ ಇಳಿಸುವಾಗ ಅವರು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ನನಗೂ ಭಯವೇ. ದಾರಿಯಲ್ಲಿ ಒಬ್ಬ ಮೂರ್ಖ ಬಾಯಿ ತೆರೆದು ನಿಂತರೆ ಸಾಕು, ಈ ಹೆಂಗಸು ಇನ್ನು ಜನ್ಮದಲ್ಲಿ ಹೊಳೆ ಕಾಣುವುದಿಲ್ಲ. ಮಾವ ಅತ್ತೆಯ ಪಾದಗಳನ್ನು ಒಂದೊಂದಾಗಿ ಎತ್ತಿ ಹಲಗೆಯ ಮೇಲಿಟ್ಟು, ಸೀರೆಯ ನೆರಿಗೆ ಚಕ್ರಕ್ಕೆ ಸಿಕ್ಕದ ಹಾಗೆ ಸಿಗಿಸಿ, ಆಮೇಲೆ ಬ್ರೇಕು ಬಿಟ್ಟರು. ತಾವು ಕಲ್ಲು ಎತ್ತಿಕೊಂಡರು. ಆ ದಿನ ಕ್ಲೀನರ್ ಕೆಲಸ ಅವರದು.

"ರೈಟ್" ಎಂದರು, ಬಹಳ ಮೆಲ್ಲಗೆ.

ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಗದ್ದವನ್ನು ಎದೆಗೆ ಒತ್ತಿ ಕೂತಿದ್ದರು. ದರ್ಜಿಯ ಅಂಗಡಿ ಬಂತು. ಮಿಷನ್ನು ಕಟಕಟ ಎನ್ನುತ್ತಲೇ ಇತ್ತು. ನಶ್ಯದ ಅಂಗಡಿ ಬಂತು, ಹೋಯಿತು. ಕಿರಾಣಿ ಯಜಮಾನರು ತಕ್ಕಡಿಯಿಂದ ಕಣ್ಣು ತೆಗೆಯದೆ, "ಮೇಷ್ಟ್ರೇ, ಮುಂದೆ ಕಲ್ಲಿದೆ, ಚಕ್ರ ಎತ್ತಿ" ಎಂದರು. ಚಾದಂಗಡಿಯ ಹತ್ತಿರ ಬಂದೆವು. ಒಬ್ಬನು ತಲೆ ಎತ್ತಿದ. ಅವನ ಪಕ್ಕದವನೂ ಎತ್ತಿದ. ಇಡೀ ಬೆಂಚೇ ಎದ್ದು ನಿಂತು ಬಾಯಿ ಬಿಟ್ಟು ನೋಡತೊಡಗಿತು.

"ಅರೆ! ಡ್ರೈವರ್ರು ನಡ್ಕೊಂಡು ಬರ್ತಾ ಇದಾರಲ್ರೋ! ಏನ್ ಡ್ರೈವರ್ರೇ, ಕಲ್ಲು ಹೊತ್ಕೊಂಡು ಎಲ್ಲಿಗೆ ಹೊರಟ್ರಿ?"

ಎಲ್ಲರೂ ಮಾವನನ್ನೇ ನೋಡಿ ಬಿದ್ದು ಬಿದ್ದು ನಕ್ಕರು. ಅವರಲ್ಲಿ ಒಬ್ಬನೂ ಅತ್ತೆಯ ಕಡೆಗೆ ತಿರುಗಲಿಲ್ಲ. ಅಂಗಡಿಯವನೊಬ್ಬ ಮಾತ್ರ ದಿನಾ ಕಾಣುವವರನ್ನು ಕೇಳುವ ಹಾಗೆ "ಹೊಳೆ ಕಡೆಗಾ ಅಮ್ಮ?" ಎಂದು ಲೋಟ ತೊಳೆಯುತ್ತಾ ಹೇಳಿ, ಲೋಟ ತೊಳೆಯುವುದನ್ನೇ ಮುಂದುವರಿಸಿದ.

ಸ್ವಲ್ಪ ಮುಂದೆ ಹೋದ ಮೇಲೆ ಅತ್ತೆಯ ಸೆರಗು ಮೆಲ್ಲಗೆ ಹೆಗಲಿಗೆ ಇಳಿಯಿತು.

"ಎಂತಕ್ಕೆ ಯಾರೂ ನನ್ನ ನೋಡ್ಲೇ ಇಲ್ಲ?"

ಮಾವ ಕಲ್ಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. "ಈ ಕುರ್ಚಿ ನೋಡಿ ನಗಾಡೋದಿತ್ತಲ್ಲ, ಅಷ್ಟನ್ನೂ ನನ್ನ ಮೇಲೇ ಖರ್ಚು ಮಾಡ್ಸಿದೀನಿ. ನಿಂಗೆ ಅಂತ ಒಂಚೂರೂ ಉಳ್ಸಿಲ್ಲ."

ಇಷ್ಟು ದಿನ ನನ್ನ ಮಾನ ಕಳೆದ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಇಳಿಜಾರು ಹತ್ತಿರ ಬರುತ್ತಿತ್ತು, ಕೆಳಗೆ ಹೊಳೆಯ ಸದ್ದು ಕೇಳುತ್ತಿತ್ತು. ಅತ್ತೆ ಕತ್ತು ನೆಟ್ಟಗೆ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಮೊದಲಿನ ಅದೇ ಗತ್ತಿನಲ್ಲಿ ನನಗೆ ಹೇಳಿದರು:

"ಸ್ವಲ್ಪ ನಿಧಾನ ತಳ್ಳೋ ಮಾರಾಯ. ಊರು ನೋಡಿ ಬಾಳ ದಿನ ಆತು."